ನಾಟಿ ಕೋಳಿಗೆ ಸಿಡುಬಿನ ಲಸಿಕೆ ಹಾಕುವ ಕ್ರಮ: ಕೊಡಗಿನ ಕೋಳಿ ಸಾಕುವವರಿಗೆ

ಕೊಡಗಿನಲ್ಲಿ ಕೋಳಿ ಸಿಡುಬಿಗೆ ಅನುಕೂಲವಾದ ಕಾಲ ಮಳೆಗಾಲ. ತೋಟದ ತಗ್ಗಿನಲ್ಲಿ, ಬಳಕೆಯಿಲ್ಲದ ಪಲ್ಪಿಂಗ್ ತೊಟ್ಟಿಯಲ್ಲಿ, ಕೊಟ್ಟಿಗೆಯ ಹಿಂದೆ ಬಿದ್ದ ಹಳೆಯ ಡ್ರಮ್ಮಿನಲ್ಲಿ ನೀರು ನಿಂತು ಸೊಳ್ಳೆ ಹೆಚ್ಚಿದ ಮೇಲೆ ಹುಂಜದ ಜುಟ್ಟು, ಗದ್ದದ ಜೋಲು, ಕಣ್ಣಿನ ರೆಪ್ಪೆ ಇಂಥ ಗರಿಯಿಲ್ಲದ ಜಾಗಗಳಲ್ಲಿ ಬಿಳಿಚಿದ ಸಣ್ಣ ಗುಳ್ಳೆಗಳು ಏಳುತ್ತವೆ; ಅವು ಹಳದಿಗೆ ತಿರುಗಿ, ಒಂದಕ್ಕೊಂದು ಕೂಡಿಕೊಂಡು, ಕೊನೆಗೆ ಕಪ್ಪುಗಂದು ಬಣ್ಣದ ಒರಟು ಹಕ್ಕಳೆಗಳಾಗುತ್ತವೆ. ರೋಗ ಚರ್ಮಕ್ಕಷ್ಟೇ ನಿಂತರೆ ಕೋಳಿ ಎರಡರಿಂದ ನಾಲ್ಕು ವಾರಗಳಲ್ಲಿ ಸಾಮಾನ್ಯವಾಗಿ ಚೇತರಿಸಿಕೊಳ್ಳುತ್ತದೆ, ಆದರೆ ಮೊಟ್ಟೆ ಕಡಿಮೆಯಾಗುತ್ತದೆ, ಮೈ ಇಳಿಯುತ್ತದೆ, ಎರಡೂ ಕಣ್ಣು ಮುಚ್ಚಿಹೋದ ಕೋಳಿ ಕಾಳು ಕಾಣದೆ ಸೊರಗುತ್ತದೆ. ರೋಗ ಬಾಯಿ ಮತ್ತು ಗಂಟಲಿಗೆ ಇಳಿದರೆ ಅಲ್ಲಿ ಹಳದಿ ಬಣ್ಣದ ದಪ್ಪ ಪೊರೆ ಕಟ್ಟಿಕೊಂಡು ಕೋಳಿ ಉಸಿರುಗಟ್ಟಿ ಸಾಯಬಹುದು.

ಈ ರೋಗಕ್ಕೆ ಗುಣಪಡಿಸುವ ಔಷಧಿಯಿಲ್ಲ, ತಡೆಯುವ ಲಸಿಕೆಯಿದೆ. ಲಸಿಕೆ ಹಾಕುವುದು ಕಷ್ಟದ ಕೆಲಸವೂ ಅಲ್ಲ, ಪಶುವೈದ್ಯರು ಒಮ್ಮೆ ತೋರಿಸಿಕೊಟ್ಟರೆ ಮನೆಯವರೇ ಮಾಡಬಹುದು. ಆದರೂ ಲಸಿಕೆ ಹಾಕಿದ ಕೋಳಿಗೇ ಸಿಡುಬು ಬಂತೆಂಬ ದೂರು ಕೇಳಿಬರುತ್ತದೆ. ಅದಕ್ಕೆ ಮುಖ್ಯ ಕಾರಣ, ನನ್ನ ಅಭಿಪ್ರಾಯದಲ್ಲಿ, ಇದನ್ನು ಮಾಮೂಲಿ ಇಂಜೆಕ್ಷನ್ನಿನಂತೆ ಕಾಣುವುದು. ಸೀಸೆಯಲ್ಲಿರುವುದು ಜೀವಂತ ವೈರಾಣು. ಅದು ಚರ್ಮದಲ್ಲಿ ಇಳಿದು, ಅಲ್ಲಿ ಬೆಳೆದು, ಒಂದು ಸಣ್ಣ ಗುಳ್ಳೆ ಎಬ್ಬಿಸಿದರೆ ಮಾತ್ರ ಕೆಲಸ ಮುಗಿದಂತೆ. ಐಸ್ ಏಕೆ ಬೇಕು, ಸ್ಪಿರಿಟ್ ಏಕೆ ಬೇಡ, ವಾರದ ನಂತರ ರೆಕ್ಕೆ ಬಿಚ್ಚಿ ನೋಡುವುದೇಕೆ ಎಂಬ ಪ್ರಶ್ನೆಗಳಿಗೆಲ್ಲ ಉತ್ತರ ಈ ವೈರಾಣುವಿನ ಸ್ವಭಾವದಲ್ಲಿದೆ. ಆದ್ದರಿಂದ ಮೊದಲು ಅದರ ಬಗ್ಗೆ ಸ್ವಲ್ಪ ತಿಳಿದುಕೊಂಡು ಆಮೇಲೆ ಸೂಜಿ ಹಿಡಿಯುವುದು ಒಳ್ಳೆಯದು.

ವೈರಾಣುವಿನ ಸ್ವಭಾವ

ಸಿಡುಬಿನ ಕುಟುಂಬದ ವೈರಾಣುಗಳು ವೈರಾಣುಗಳ ಲೆಕ್ಕದಲ್ಲಿ ಬಹಳ ದೊಡ್ಡವು. ಕೋಳಿ ಸಿಡುಬಿನ ವೈರಾಣು ಇಟ್ಟಿಗೆಯಾಕಾರದ್ದು, ಉದ್ದ ಸುಮಾರು 330 ನ್ಯಾನೊಮೀಟರ್. ಅದರ ಡಿಎನ್‌ಎಯಲ್ಲಿ ಸುಮಾರು 2,88,000 ಅಕ್ಷರಜೋಡಿಗಳೂ 260ರಷ್ಟು ವಂಶವಾಹಿಗಳೂ ಇವೆ. ಡಿಎನ್‌ಎ ಇರುವ ಬಹುಪಾಲು ವೈರಾಣುಗಳು ಜೀವಕೋಶದ ಕೇಂದ್ರವನ್ನು ಹೊಕ್ಕು ಅಲ್ಲಿನ ಸಲಕರಣೆಯನ್ನೇ ಬಳಸಿ ತಮ್ಮ ಸಂತತಿ ಬೆಳೆಸಿಕೊಂಡರೆ, ಸಿಡುಬಿನ ಕುಟುಂಬದವು ಕೇಂದ್ರಕ್ಕೆ ಹೋಗದೆ ಹೊರಗಿನ ಕೋಶದ್ರವ್ಯದಲ್ಲಿಯೇ ಬೆಳೆಯುತ್ತವೆ. ಅಡುಗೆಯವರನ್ನೂ ಪಾತ್ರೆಗಳನ್ನೂ ತಾನೇ ಹೊತ್ತು ತಂದು ಅಂಗಳದಲ್ಲೇ ಒಲೆ ಹೂಡುವ ನೆಂಟನ ಹಾಗೆ, ತನ್ನ ವಂಶವಾಹಿಗಳನ್ನು ಓದಲು ಬೇಕಾದ ಕಿಣ್ವಗಳನ್ನು ಈ ವೈರಾಣು ತನ್ನ ಚಿಪ್ಪಿನೊಳಗೇ ಇಟ್ಟುಕೊಂಡು ಬರುತ್ತದೆ. ಹೀಗೆ ಅದು ಬೆಳೆದ ಜಾಗ ಕೋಶದ್ರವ್ಯದಲ್ಲಿ ಒಂದು ಉಂಡೆಯಾಗಿ ಸಾಮಾನ್ಯ ಸೂಕ್ಷ್ಮದರ್ಶಕಕ್ಕೂ ಕಾಣುತ್ತದೆ. ಜರ್ಮನಿಯ ರೋಗಶಾಸ್ತ್ರಜ್ಞ ಒಟ್ಟೊ ಬೊಲಿಂಗರ್ 1873ರಲ್ಲಿ, ವೈರಾಣು ಎಂಬ ಕಲ್ಪನೆಯೇ ಇನ್ನೂ ಹುಟ್ಟಿರದ ಕಾಲದಲ್ಲಿ, ಸಿಡುಬು ಹಿಡಿದ ಕೋಳಿಯ ಚರ್ಮದಲ್ಲಿ ಈ ಉಂಡೆಗಳನ್ನು ವಿವರಿಸಿದ್ದ. ಇಂದಿಗೂ ಪ್ರಯೋಗಾಲಯದವರು ರೋಗವನ್ನು ಖಚಿತಪಡಿಸಲು ಅವನ್ನು ಹುಡುಕುತ್ತಾರೆ.

ಸಾಕುವವರಿಗೆ ಇದರಲ್ಲಿ ಮುಖ್ಯವಾದ ಸಂಗತಿಗಳು ಎರಡು. ಮೊದಲನೆಯದು, ಈ ವೈರಾಣು ಗಾಯವಿಲ್ಲದ ಚರ್ಮವನ್ನು ಭೇದಿಸಲಾರದು. ಹುಂಜಗಳ ಕಾದಾಟದ ಗಾಯ, ತಂತಿಬಲೆಯ ತರಚು ಅಥವಾ ಸೊಳ್ಳೆಯ ಕಡಿತ ಅದಕ್ಕೆ ಬೇಕು. ಸೊಳ್ಳೆಯ ದೇಹದೊಳಗೆ ವೈರಾಣು ಬೆಳೆಯುವುದಿಲ್ಲ, ಕುಡಿಬಾಯಿಗೆ ಅಂಟಿಕೊಂಡು ಸಾಗುತ್ತದೆ, ಹಾಗೆ ವಾರಗಟ್ಟಲೆ ಉಳಿಯಬಲ್ಲದು. ಎರಡನೆಯದು, ಒಣಗಿ ಉದುರಿದ ಹಕ್ಕಳೆಯಲ್ಲಿ ಅದು ತಿಂಗಳುಗಟ್ಟಲೆ ಜೀವ ಹಿಡಿದಿರುತ್ತದೆ. ಆದುದರಿಂದ ರೋಗ ಬಂದುಹೋದ ಗೂಡಿನ ಕಸವನ್ನು ತೋಟದ ಗೊಬ್ಬರದ ಗುಂಡಿಗೆ ಹಾಕಿ, ಅದೇ ಗುಂಡಿಯನ್ನು ಕೋಳಿಗಳು ಕೆದಕಲು ಬಿಡುವುದು ಮುಂದಿನ ವರ್ಷದ ರೋಗವನ್ನು ಈ ವರ್ಷವೇ ಕೂಡಿಟ್ಟಂತೆ.

ಲಸಿಕೆ ಹಾಕುವ ಕಾಲ

ಲಸಿಕೆ ಹಾಕಿದ ಮೇಲೆ ರಕ್ಷಣೆ ಬೆಳೆಯಲು ಹತ್ತರಿಂದ ಹದಿನಾಲ್ಕು ದಿನ ಬೇಕು. ಜೂನ್ ಮಳೆಗೆ ಮುಂಚೆ ಕೋಳಿಗಳು ಸಿದ್ಧವಾಗಿರಬೇಕೆಂದರೆ ಏಪ್ರಿಲ್ ಕೊನೆಯಿಂದ ಮೇ ಮಧ್ಯದೊಳಗೆ ಕೆಲಸ ಮುಗಿಸುವುದು ಸೂಕ್ತ. ಹೂಮಳೆ ಮುಗಿದು ತೋಟದ ಕೆಲಸ ಸ್ವಲ್ಪ ಬಿಡುವು ಕೊಡುವ ಆ ಹೊತ್ತು ಬೇರೆ ರೀತಿಯಲ್ಲಿಯೂ ಅನುಕೂಲವಾದದ್ದು, ಏಕೆಂದರೆ ಗಾಳಿಮಳೆಗೆ ಮರ ಬಿದ್ದು ದಿನಗಟ್ಟಲೆ ಕರೆಂಟು ಹೋಗುವ ಜುಲೈನಲ್ಲಿ ಲಸಿಕೆಯನ್ನು ಫ್ರಿಜ್ಜಿನಲ್ಲಿ ಕಾಪಾಡುವುದೇ ಒಂದು ಸಾಹಸ.

ಕೋಳಿಯ ವಯಸ್ಸು ಆರರಿಂದ ಎಂಟು ವಾರ ದಾಟಿರಬೇಕು. ಮೊಟ್ಟೆಗೆಂದು ಬೆಳೆಸುವ ಹ್ಯಾಟೆಗಳಿಗೆ ಮೊಟ್ಟೆ ಶುರುವಾಗುವುದಕ್ಕೆ ಕನಿಷ್ಠ ಒಂದು ತಿಂಗಳು ಮುಂಚೆ ಹಾಕಬೇಕು. ಮೊಟ್ಟೆ ಇಡುತ್ತಿರುವಾಗ ಹಾಕಿದರೆ ಕೆಲವು ದಿನ ಇಳುವರಿ ತಗ್ಗಬಹುದು. ಕೊಕ್ಕರೆ ರೋಗದ (ರಾಣಿಖೇತ್) ಎಂಟನೇ ವಾರದ ಇಂಜೆಕ್ಷನ್ನೂ ಇದೇ ಹೊತ್ತಿಗೆ ಬರುವುದರಿಂದ ಎರಡರ ನಡುವಿನ ಅಂತರವನ್ನು ಪಶುವೈದ್ಯರನ್ನು ಕೇಳಿ ನಿಗದಿಪಡಿಸಿಕೊಳ್ಳಬೇಕು. ಸಂತೆಯಿಂದ ನಿನ್ನೆ ತಂದ ಕೋಳಿ, ಜಂತುಹುಳುವಿನಿಂದ ಬಡಕಲಾದ ಕೋಳಿ, ಮೂಗು ಸೋರುತ್ತಿರುವ ಕೋಳಿ ಇವುಗಳಿಗೆ ಅಂದು ಹಾಕಬಾರದು. ಜೀವಂತ ಲಸಿಕೆ ಬೆಳೆಯುವುದು ಕೋಳಿಯ ಶರೀರದಲ್ಲಿ, ಅದಕ್ಕೆ ಪ್ರತಿಕ್ರಿಯೆ ತೋರಿಸಬೇಕಾದದ್ದೂ ಆ ಶರೀರವೇ; ಶಕ್ತಿಯಿಲ್ಲದ ಕೋಳಿಗೆ ಹಾಕಿದರೆ ಲಸಿಕೆ ಹಿಡಿಯದೆಯೂ ಹೋಗಬಹುದು, ಅತಿಯಾಗಿಯೂ ಹಿಡಿಯಬಹುದು.

ಲಸಿಕೆ ಹಾಕಿದ ಕೋಳಿಯನ್ನು ಸಾಮಾನ್ಯವಾಗಿ 21 ದಿನ ಅಡುಗೆಗೆ ಕೊಯ್ಯಬಾರದು. ಸೀಸೆಯೊಂದಿಗೆ ಬರುವ ಚೀಟಿಯಲ್ಲಿ ಈ ಅವಧಿ ಬರೆದಿರುತ್ತದೆ. ಸೆಪ್ಟೆಂಬರಿನ ಕೈಲ್ ಮುಹೂರ್ತಕ್ಕೆಂದೋ ಹರಕೆಗೆಂದೋ ಮೀಸಲಿಟ್ಟ ಹುಂಜವಿದ್ದರೆ ಲೆಕ್ಕವನ್ನು ಹಬ್ಬದಿಂದ ಹಿಂದಕ್ಕೆ ಹಾಕಿಕೊಳ್ಳಬೇಕು.

ತರುವುದು ಮತ್ತು ಸಾಗಿಸುವುದು

ಕೋಳಿ ಸಿಡುಬಿನ ಲಸಿಕೆ ಶೀತದಲ್ಲಿ ಒಣಗಿಸಿದ ಸಣ್ಣ ಗುಳಿಗೆಯ ರೂಪದಲ್ಲಿ, ಅದನ್ನು ಕರಗಿಸುವ ದ್ರಾವಣದ ಇನ್ನೊಂದು ಸೀಸೆಯೊಂದಿಗೆ ಬರುತ್ತದೆ. ನೂರು, ಇನ್ನೂರು ಅಥವಾ ಅದಕ್ಕೂ ಹೆಚ್ಚು ಕೋಳಿಗಳಿಗೆ ಆಗುವಷ್ಟು ಒಂದೇ ಸೀಸೆಯಲ್ಲಿರುತ್ತದೆ, ಒಮ್ಮೆ ಕರಗಿಸಿದರೆ ಎರಡು ಗಂಟೆಯೊಳಗೆ ಮುಗಿಸಬೇಕು. ಹತ್ತು ಹದಿನೈದು ಕೋಳಿ ಇರುವ ಮನೆಯೊಂದು ತಾನೊಂದೇ ಸೀಸೆ ತಂದರೆ ಬಹುಪಾಲು ಹಾಳು. ಆದ್ದರಿಂದ ಓಣಿಯ ಮನೆಗಳು, ತೋಟದ ಲೈನ್ ಮನೆಗಳು ಒಂದೇ ದಿನ ಗೊತ್ತುಮಾಡಿಕೊಳ್ಳುವುದು ಸರಿಯಾದ ದಾರಿ. ಇದರಲ್ಲಿ ಹಣದ ಉಳಿತಾಯಕ್ಕಿಂತ ದೊಡ್ಡ ಲಾಭವೊಂದಿದೆ: ಸೊಳ್ಳೆಗೆ ಬೇಲಿಯಿಲ್ಲ, ಪಕ್ಕದ ಮನೆಯ ಕೋಳಿಗೆ ರಕ್ಷಣೆಯಿಲ್ಲದಿದ್ದರೆ ಆ ಜಾಗದಲ್ಲಿ ರೋಗ ಉಳಿದೇ ಇರುತ್ತದೆ.

ತಾಲ್ಲೂಕಿನ ಪಶು ಆಸ್ಪತ್ರೆಯಲ್ಲಿ ಮುಂಚಿತವಾಗಿ ಹೇಳಿಟ್ಟರೆ ತರಿಸಿಕೊಡುವುದುಂಟು. ಪಶು ಔಷಧಿ ಅಂಗಡಿಗಳಲ್ಲಿಯೂ ಕೇಳಬಹುದು. ಕೊಳ್ಳುವಾಗ ಅವಧಿ ಮುಗಿಯುವ ದಿನಾಂಕದಷ್ಟೇ ಮುಖ್ಯವಾಗಿ ನೋಡಬೇಕಾದದ್ದು ಅಂಗಡಿಯವರು ಅದನ್ನು ಎಲ್ಲಿಂದ ತೆಗೆದುಕೊಡುತ್ತಾರೆ ಎಂಬುದನ್ನು. ಫ್ರಿಜ್ಜಿನಿಂದ ತೆಗೆಯದೆ ಕಪಾಟಿನಿಂದ ತೆಗೆದುಕೊಟ್ಟರೆ ಬೇಡವೆನ್ನಬೇಕು. ಥರ್ಮೋಕೋಲ್ ಡಬ್ಬ ಅಥವಾ ಫ್ಲಾಸ್ಕಿನಲ್ಲಿ ಐಸ್ ಹಾಕಿ, ಸೀಸೆಗೆ ಐಸ್ ನೇರವಾಗಿ ತಾಗದಂತೆ ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ತರಬೇಕು. ಮಡಿಕೇರಿಯ ಚಳಿಯಲ್ಲಿ ಕೈಚೀಲದಲ್ಲಿ ತಂದರೇನು ಎನ್ನುವವರಿದ್ದಾರೆ. ಆದರೆ ಲಸಿಕೆಗೆ ಬೇಕಾದದ್ದು 2ರಿಂದ 8 ಡಿಗ್ರಿ, ಅಷ್ಟು ತಂಪು ಮೇ ತಿಂಗಳ ಮಡಿಕೇರಿಯಲ್ಲಿಯೂ ಇರುವುದಿಲ್ಲ, ಕುಶಾಲನಗರದ ಬಿಸಿಲಿನಲ್ಲಂತೂ ದೂರದ ಮಾತು. ಒಣಗಿದ ಹಕ್ಕಳೆಯಲ್ಲಿ ತಿಂಗಳುಗಟ್ಟಲೆ ಬದುಕುವ ವೈರಾಣು ಸೀಸೆಯಲ್ಲಿ ಏಕಿಷ್ಟು ನಾಜೂಕು ಎಂದು ಕೇಳಬಹುದು. ಹಕ್ಕಳೆಯಲ್ಲಿ ಅದಕ್ಕೆ ಒಣಗಿದ ಚರ್ಮದ ರಕ್ಷಣೆಯಿದೆ, ಅಲ್ಲದೆ ಅಲ್ಲಿ ಕೋಟಿಗಳಲ್ಲಿ ಬಹುಪಾಲು ಸತ್ತರೂ ಉಳಿದ ಕೆಲವೇ ಸಾಕು ರೋಗ ಹರಡಲು. ಸೀಸೆಯಲ್ಲಿರುವುದು ಅಳೆದು ಹಾಕಿದ ಪ್ರಮಾಣ, ಅದರಲ್ಲಿ ಬಹುಪಾಲು ಸತ್ತರೆ ಹಲವು ಕೋಳಿಗಳಿಗೆ ಹಿಡಿಯದೆ ಹೋಗಬಹುದು.

ಚುಚ್ಚುವ ಕ್ರಮ

ಬೆಳಿಗ್ಗೆ ಗೂಡಿನಿಂದ ಬಿಡುವ ಮುಂಚೆಯೇ ಶುರು ಮಾಡಬೇಕು. ಒಮ್ಮೆ ತೋಟಕ್ಕೆ ಬಿಟ್ಟ ನಾಟಿ ಕೋಳಿಯನ್ನು ಕಾಫಿ ಗಿಡಗಳ ನಡುವೆ ಅಟ್ಟಿ ಹಿಡಿಯುವಷ್ಟರಲ್ಲಿ ಲಸಿಕೆಯ ಎರಡು ಗಂಟೆ ಮುಗಿದಿರುತ್ತದೆ. ಇಬ್ಬರು ಬೇಕು: ಒಬ್ಬರು ಹಿಡಿಯಲು, ಒಬ್ಬರು ಚುಚ್ಚಲು.

ದ್ರಾವಣವನ್ನೂ ತಂಪಾಗಿಟ್ಟುಕೊಂಡಿರಬೇಕು. ಶುದ್ಧವಾದ ಸಿರಿಂಜಿನಿಂದ ಸ್ವಲ್ಪ ದ್ರಾವಣವನ್ನು ಗುಳಿಗೆಯ ಸೀಸೆಗೆ ಬಿಟ್ಟು, ನೊರೆಯೇಳದಂತೆ ಮೆಲ್ಲಗೆ ತಿರುಗಿಸಿ ಕರಗಿಸಿ, ಆಮೇಲೆ ಉಳಿದ ದ್ರಾವಣವನ್ನು ಚೀಟಿಯಲ್ಲಿ ಹೇಳಿದಷ್ಟೇ ಸೇರಿಸಬೇಕು. ಕೋಳಿ ಹೆಚ್ಚಿವೆಯೆಂದು ದ್ರಾವಣ ಹೆಚ್ಚು ಮಾಡಬಾರದು, ಬಾವಿಯ ನೀರನ್ನೋ ನಲ್ಲಿಯ ನೀರನ್ನೋ ಬಳಸಲೇಬಾರದು. ಕರಗಿಸಿದ ಸೀಸೆಯನ್ನು ಐಸ್ ತುಂಬಿದ ಲೋಟದಲ್ಲಿ, ನೆರಳಿನಲ್ಲಿ ಇಟ್ಟುಕೊಂಡು ಕೆಲಸ ಮಾಡಬೇಕು.

ಲಸಿಕೆ ಹಾಕುವ ಜಾಗ ರೆಕ್ಕೆಯ ಪೊರೆ. ಕೋಳಿಯ ರೆಕ್ಕೆಯನ್ನು ಪೂರ್ತಿ ಬಿಚ್ಚಿ ಕೆಳಭಾಗವನ್ನು ಮೇಲೆ ಮಾಡಿ ಹಿಡಿದರೆ, ಭುಜಕ್ಕೂ ರೆಕ್ಕೆಯ ಮುಂದಿನ ಗಂಟಿಗೂ ನಡುವೆ ಗರಿಯಿಲ್ಲದ, ಬೆಳಕು ಹಾಯುವಷ್ಟು ತೆಳುವಾದ ತ್ರಿಕೋನಾಕಾರದ ಚರ್ಮ ಕಾಣುತ್ತದೆ. ನವಿರಾದ ತುಪ್ಪಳವಿದ್ದರೆ ನಾಲ್ಕಾರು ಎಳೆ ಕಿತ್ತು ಜಾಗ ಮಾಡಿಕೊಳ್ಳಬೇಕು, ಇಲ್ಲದಿದ್ದರೆ ಲಸಿಕೆಯನ್ನು ತುಪ್ಪಳವೇ ಒರೆಸಿಕೊಂಡುಬಿಡುತ್ತದೆ. ಆ ಜಾಗವನ್ನು ಸ್ಪಿರಿಟ್, ಡೆಟಾಲ್ ಇತ್ಯಾದಿ ಯಾವುದರಿಂದಲೂ ಒರೆಸಬಾರದು. ಆಸ್ಪತ್ರೆಯಲ್ಲಿ ನೋಡಿದ ಅಭ್ಯಾಸದಿಂದ ಕೈ ತಾನಾಗಿ ಹತ್ತಿಯ ಕಡೆಗೆ ಹೋಗುತ್ತದೆ. ಆದರೆ ಸೂಜಿಯ ತುದಿಯಲ್ಲಿ ನೂರನೇ ಒಂದು ಮಿಲಿಲೀಟರಿನಷ್ಟು ಲಸಿಕೆ ಮಾತ್ರ ಇರುವಾಗ, ಚರ್ಮದ ಮೇಲೆ ಉಳಿದ ಸ್ಪಿರಿಟ್ ಅದರಲ್ಲಿನ ವೈರಾಣುವನ್ನು ಒಳಗೆ ಇಳಿಯುವ ಮೊದಲೇ ಕೊಲ್ಲುತ್ತದೆ.

ಸೂಜಿ ಎರಡು ಮೊನೆಯದು, ಪ್ರತಿ ಮೊನೆಯ ಬದಿಯಲ್ಲಿ ಲಸಿಕೆ ಹಿಡಿದುಕೊಳ್ಳುವ ಸಣ್ಣ ಗೀರು ಇರುತ್ತದೆ. ಮೊನೆಗಳು ಮುಳುಗುವಂತೆ ಸೀಸೆಯಲ್ಲಿ ಅದ್ದಿ, ರೆಕ್ಕೆಯ ಕೆಳಭಾಗದಿಂದ ಪೊರೆಯ ನಡುವಿಗೆ, ಕಾಣುವ ರಕ್ತನಾಳವನ್ನೂ ಮೂಳೆಯನ್ನೂ ಮಾಂಸವನ್ನೂ ತಪ್ಪಿಸಿ, ಆಚೆಗೆ ತೂರುವಂತೆ ಒಂದೇ ಸಲ ಚುಚ್ಚಿ ತೆಗೆಯಬೇಕು. ರಕ್ತ ಬಂದರೆ ಲಸಿಕೆ ಅದರೊಂದಿಗೆ ಹರಿದುಹೋಗಿರಬಹುದಾದ್ದರಿಂದ ಇನ್ನೊಂದು ರೆಕ್ಕೆಗೆ ಮತ್ತೆ ಹಾಕಬೇಕು. ಪ್ರತಿ ಕೋಳಿಗೂ ಸೂಜಿಯನ್ನು ಹೊಸದಾಗಿ ಅದ್ದಬೇಕು. ಎಲ್ಲ ಕೋಳಿಗಳಿಗೂ ಒಂದೇ ಬದಿಯ ರೆಕ್ಕೆಗೆ ಹಾಕಿದರೆ ಆಮೇಲೆ ನೋಡಲು ಸುಲಭ. ಮುಗಿದ ಕೋಳಿಯ ಕಾಲಿಗೆ ಬಣ್ಣದ ದಾರ ಕಟ್ಟಿ ಬಿಟ್ಟರೆ ಗೊಂದಲವಿಲ್ಲ. ಲಸಿಕೆಯ ಹನಿ ಕೋಳಿಯ ಕಣ್ಣು, ಮೂಗು, ಬಾಯಿಗೆ ತಾಗದಂತೆ ಎಚ್ಚರವಿರಬೇಕು, ಅಲ್ಲಿ ತಾಗಿದರೆ ಲಸಿಕೆಯ ವೈರಾಣುವೇ ಅಲ್ಲಿ ಗುಳ್ಳೆ ಎಬ್ಬಿಸಬಹುದು.

ಮುಗಿದ ಮೇಲೆ ಉಳಿದ ಲಸಿಕೆಯನ್ನು ನಾಳೆಗೆಂದು ಫ್ರಿಜ್ಜಿನಲ್ಲಿಡಬಾರದು. ಉಳಿದದ್ದನ್ನೂ ಸೀಸೆಯನ್ನೂ ನೀರಿನಲ್ಲಿ ಚೆನ್ನಾಗಿ ಕುದಿಸಿದ ಮೇಲೆಯೇ ಎಸೆಯಬೇಕು, ಸೂಜಿಯನ್ನು ಕುದಿಸಿ ಒಣಗಿಸಿ ಇಟ್ಟುಕೊಳ್ಳಬೇಕು, ಕೈಯನ್ನು ಸೋಪು ಹಾಕಿ ತೊಳೆಯಬೇಕು. ತೋಟಕ್ಕೆಸೆದ ಸೀಸೆ ಎಂದರೆ ಜೀವಂತ ವೈರಾಣುವನ್ನು ಅಂಗಳಕ್ಕೆ ಬಿಟ್ಟಂತೆ.

ವಾರದ ನಂತರ ನೋಡಬೇಕಾದದ್ದು

ಬಹಳ ಜನ ಬಿಟ್ಟುಬಿಡುವ, ಆದರೆ ನನ್ನ ದೃಷ್ಟಿಯಲ್ಲಿ ಚುಚ್ಚುವುದಕ್ಕಿಂತಲೂ ಮುಖ್ಯವಾದ ಹಂತ ಇದು. ಏಳರಿಂದ ಹತ್ತು ದಿನಗಳ ನಡುವೆ ಕೋಳಿಗಳ ರೆಕ್ಕೆ ಬಿಚ್ಚಿ ಚುಚ್ಚಿದ ಜಾಗ ನೋಡಬೇಕು. ಅಲ್ಲಿ ಸಣ್ಣ ಊತವೋ ಹಕ್ಕಳೆಯೋ ಇದ್ದರೆ ಲಸಿಕೆ ಹಿಡಿದಿದೆ. ಚರ್ಮ ನುಣ್ಣಗೆ ಮೊದಲಿನಂತೆಯೇ ಇದ್ದರೆ ಎರಡರಲ್ಲಿ ಒಂದು: ಕೋಳಿಗೆ ಹಿಂದೆಯೇ ರೋಗವೋ ಲಸಿಕೆಯೋ ಆಗಿ ರಕ್ಷಣೆ ಇತ್ತು, ಇಲ್ಲವೇ ಲಸಿಕೆ ಸತ್ತಿತ್ತು ಅಥವಾ ಕೈ ತಪ್ಪಿತ್ತು. ಎಂದೂ ಸಿಡುಬು ಕಾಣದ ಎಳೆಯ ಕೋಳಿಗಳಲ್ಲಿ ಹತ್ತಕ್ಕೆ ಮೂರು ನಾಲ್ಕು ನುಣ್ಣಗಿದ್ದರೆ ಎರಡನೆಯದೇ ನಿಜ, ಹೊಸ ಸೀಸೆ ತಂದು ಮತ್ತೆ ಹಾಕಬೇಕು. ಬೇರೆ ಲಸಿಕೆಗಳು ಹಿಡಿದವೋ ಇಲ್ಲವೋ ತಿಳಿಯಲು ಸಾಮಾನ್ಯವಾಗಿ ರಕ್ತ ಪರೀಕ್ಷೆ ಬೇಕು. ಸಿಡುಬಿನ ಲಸಿಕೆ ಮಾತ್ರ ತನ್ನ ಉತ್ತರವನ್ನು ಚರ್ಮದ ಮೇಲೆ ಬರೆದು ತೋರಿಸುತ್ತದೆ. ಈ ಅನುಕೂಲವನ್ನು ಬಳಸದೆ ಬಿಡುವುದಕ್ಕೆ ಯಾವ ಕಾರಣವೂ ನನಗೆ ಕಾಣುವುದಿಲ್ಲ.

ಮನುಷ್ಯರ ಸಿಡುಬನ್ನು ಭೂಮಿಯಿಂದ ಅಳಿಸಿದ್ದೂ ಇದೇ ಬಗೆಯ ಹಕ್ಕಳೆಯನ್ನು ನಂಬಿಕೊಂಡೇ. ಎಡ್ವರ್ಡ್ ಜೆನ್ನರ್ 1796ರಲ್ಲಿ ಹಸುವಿನ ಸಿಡುಬಿನ ಕೀವನ್ನು ಹುಡುಗನೊಬ್ಬನ ತೋಳಿಗೆ ಗೀರಿ ಹಾಕಿ ತೋರಿಸಿದ ದಾರಿಯಲ್ಲೇ ಮುಂದೆ ವ್ಯಾಕ್ಸಿನಿಯಾ ಎಂಬ ವೈರಾಣು ಜಗತ್ತಿನ ಲಸಿಕೆಯಾಯಿತು. ಅದಕ್ಕೂ ಇದ್ದ ತೊಡಕು ಬಿಸಿಲೇ. 1950ರ ದಶಕದಲ್ಲಿ ಇಂಗ್ಲೆಂಡಿನ ಲೆಸ್ಲಿ ಕೊಲಿಯರ್ ಅದನ್ನು ಶೀತದಲ್ಲಿ ಒಣಗಿಸುವ ವಿಧಾನವನ್ನು ಸುಧಾರಿಸಿದ ಮೇಲೆ ಉಷ್ಣವಲಯದ ಹಳ್ಳಿಗಳಿಗೂ ಲಸಿಕೆ ಜೀವಂತವಾಗಿ ತಲುಪಿತು. 1960ರ ದಶಕದಲ್ಲಿ ಅಮೆರಿಕದ ಬೆಂಜಮಿನ್ ರೂಬಿನ್ ರೂಪಿಸಿದ ಕವಲು ಮೊನೆಯ ಸೂಜಿ, ಒಂದೇ ಹನಿಯನ್ನು ಮೊನೆಗಳ ನಡುವೆ ಹಿಡಿದು ಚರ್ಮಕ್ಕೆ ಹದಿನೈದು ಸಲ ಕುಟ್ಟುವ ಸೂಜಿ, ಲಸಿಕೆಯ ಖರ್ಚನ್ನು ನಾಲ್ಕನೇ ಒಂದು ಭಾಗಕ್ಕೆ ಇಳಿಸಿತು. ಹಾಕಿಸಿಕೊಂಡವರ ತೋಳನ್ನು ವಾರದ ನಂತರ ನೋಡಿ ಹಿಡಿದಿದೆಯೇ ಎಂದು ಪರೀಕ್ಷಿಸುವುದು ಆಗಲೂ ಕ್ರಮವಾಗಿತ್ತು. ಭಾರತದಲ್ಲಿ ಕೊನೆಯ ಸಿಡುಬು ಕಂಡದ್ದು 1975ರಲ್ಲಿ. 1980ರ ಮೇ 8ರಂದು ವಿಶ್ವ ಆರೋಗ್ಯ ಸಭೆ ರೋಗ ನಿರ್ಮೂಲವಾಯಿತೆಂದು ಘೋಷಿಸಿತು. ಮನೆಯ ಹಿರಿಯರ ತೋಳಿನ ಮೇಲಿರುವ ಗುಂಡಗಿನ ಗುರುತೂ ನಿಮ್ಮ ಕೋಳಿಯ ರೆಕ್ಕೆಯ ಹಕ್ಕಳೆಯೂ ಒಂದೇ ಕುಟುಂಬದ ಎರಡು ವೈರಾಣುಗಳ ಕೆಲಸ.

ಕೋಳಿ ಸಿಡುಬಿಗೆ ವೈದ್ಯವಿಜ್ಞಾನದಲ್ಲಿ ತನ್ನದೇ ಆದ ಸ್ಥಾನವೂ ಇದೆ. 1931ರಲ್ಲಿ ಅಮೆರಿಕದ ಆಲಿಸ್ ವುಡ್ರಫ್ ಮತ್ತು ಅರ್ನೆಸ್ಟ್ ಗುಡ್‌ಪಾಶ್ಚರ್ ಕಾವಿಗಿಟ್ಟ ಕೋಳಿಮೊಟ್ಟೆಯೊಳಗಿನ ಪೊರೆಯ ಮೇಲೆ ವೈರಾಣುವನ್ನು ಶುದ್ಧವಾಗಿ ಬೆಳೆಸಿ ತೋರಿಸಿದರು. ಅವರು ಬಳಸಿದ್ದು ಕೋಳಿ ಸಿಡುಬಿನ ವೈರಾಣುವನ್ನು. ಇಂದಿಗೂ ಇನ್‌ಫ್ಲುಯೆಂಜಾ ಮತ್ತು ಹಳದಿ ಜ್ವರದ ಲಸಿಕೆಗಳು ಮೊಟ್ಟೆಯಲ್ಲಿ ತಯಾರಾಗುತ್ತಿರುವುದರ ಮೂಲ ಅಲ್ಲಿದೆ. 1980ರ ದಶಕದಿಂದ ಈ ಕುಟುಂಬದ ಇನ್ನೊಂದು ಗುಣ ಉಪಯೋಗಕ್ಕೆ ಬಂತು. ಇದರ ದೊಡ್ಡ ಡಿಎನ್‌ಎಯಲ್ಲಿ ಬೇರೊಂದು ರೋಗಾಣುವಿನ ವಂಶವಾಹಿಯನ್ನು ಸೇರಿಸಲು ಧಾರಾಳ ಜಾಗವಿದೆ, ಮತ್ತು ಅದು ಕೋಶದ ಕೇಂದ್ರಕ್ಕೆ ಹೋಗದ ಕಾರಣ ಮನುಷ್ಯರ ಡಿಎನ್‌ಎಯೊಂದಿಗೆ ಬೆರೆಯುವ ಭಯವಿಲ್ಲ. ಹೀಗೆ ರೇಬೀಸ್ ವಂಶವಾಹಿಯನ್ನು ಹೊತ್ತ ವ್ಯಾಕ್ಸಿನಿಯಾವನ್ನು ತಿಂಡಿಯ ಉಂಡೆಗಳಲ್ಲಿಟ್ಟು ಕಾಡಿಗೆಸೆದು ಬೆಲ್ಜಿಯಂ, ಫ್ರಾನ್ಸ್ ಮುಂತಾದ ಕಡೆ ನರಿಗಳ ರೇಬೀಸನ್ನು ಹತೋಟಿಗೆ ತಂದರು. ಹಕ್ಕಿಗಳ ಸಿಡುಬಿನ ವೈರಾಣುಗಳು ಸಸ್ತನಿಗಳ ಕೋಶವನ್ನು ಹೊಕ್ಕರೂ ಅಲ್ಲಿ ಸಂತತಿ ಬೆಳೆಸಲಾರವು; ಆದ್ದರಿಂದ ಕೆನರಿ ಹಕ್ಕಿಯ ಸಿಡುಬಿನ ವೈರಾಣುವನ್ನು ವಾಹಕವಾಗಿಟ್ಟು ನಾಯಿ, ಬೆಕ್ಕು, ಕುದುರೆಗಳಿಗೆ ಲಸಿಕೆಗಳಾಗಿವೆ. ಥಾಯ್ಲೆಂಡಿನಲ್ಲಿ ಅದೇ ವಾಹಕವನ್ನು ಒಳಗೊಂಡ ಎಚ್‌ಐವಿ ಲಸಿಕಾ ಪ್ರಯೋಗದ ಫಲ 2009ರಲ್ಲಿ ಹೊರಬಂದಾಗ ರಕ್ಷಣೆ ಕಂಡದ್ದು ಶೇ. 31ರಷ್ಟು ಮಾತ್ರ, ಅದು ಬಳಕೆಗೆ ಸಾಲಲಿಲ್ಲ. ಕ್ಯಾನ್ಸರ್ ಗಡ್ಡೆಯನ್ನು ಒಡೆಯುವಂತೆ ಮಾರ್ಪಡಿಸಿದ ವ್ಯಾಕ್ಸಿನಿಯಾವೂ ಪಿತ್ತಜನಕಾಂಗದ ಕ್ಯಾನ್ಸರಿನ ದೊಡ್ಡ ಪ್ರಯೋಗದಲ್ಲಿ ಸೋತಿತು. ಗೆದ್ದದ್ದು ಎಂವಿಎ: ಜರ್ಮನಿಯಲ್ಲಿ ಆಂಟನ್ ಮೇಯರ್ ವ್ಯಾಕ್ಸಿನಿಯಾವನ್ನು ಕೋಳಿಭ್ರೂಣದ ಕೋಶಗಳಲ್ಲಿ ಐನೂರಕ್ಕೂ ಹೆಚ್ಚು ಸಲ ಒಂದರಿಂದ ಒಂದಕ್ಕೆ ದಾಟಿಸಿ, ಮನುಷ್ಯರಲ್ಲಿ ಬೆಳೆಯುವ ಶಕ್ತಿಯನ್ನೇ ಕಳೆದುಕೊಳ್ಳುವಂತೆ ಮಾಡಿದ ತಳಿ. ಇಂದು ಎಂಪಾಕ್ಸ್ (ಹಿಂದಿನ ಹೆಸರು ಮಂಕಿಪಾಕ್ಸ್) ತಡೆಯಲು 28 ದಿನಗಳ ಅಂತರದಲ್ಲಿ ಎರಡು ಸಲ ಕೊಡುವ ಲಸಿಕೆ ಅದೇ. ಅದು ದೇಹದಲ್ಲಿ ಬೆಳೆಯದ ಕಾರಣ ತೋಳಿನಲ್ಲಿ ಹಳೆಯ ಲಸಿಕೆಯಂತೆ ಹಕ್ಕಳೆ ಏಳುವುದಿಲ್ಲ.

ಭಾರತದ ಮೊದಲ ಎಂಪಾಕ್ಸ್ ಪ್ರಕರಣ 2022ರ ಜುಲೈನಲ್ಲಿ ನೆರೆಯ ಕೇರಳದಲ್ಲಿ ಪತ್ತೆಯಾದದ್ದರಿಂದ ಗಡಿಯ ಈಚೆ ಕೋಳಿಯ ಮೇಲೂ ಅನುಮಾನ ಪಡುವವರಿರಬಹುದು. ಕೋಳಿ ಸಿಡುಬು ಮನುಷ್ಯರಿಗೆ ರೋಗ ತರುವುದಿಲ್ಲ. ಎಂಪಾಕ್ಸ್ ಕೋಳಿಯಿಂದ ಬರುವುದಿಲ್ಲ. ಮಕ್ಕಳಿಗೆ ಬರುವ ಸೀತಾಳೆ ಸಿಡುಬು ಹರ್ಪಿಸ್ ಕುಟುಂಬದ ಬೇರೆಯೇ ವೈರಾಣುವಿನದು.

ರೋಗ ಬಂದ ಮೇಲೆ

ಸಿಡುಬು ನಿಧಾನವಾಗಿ ಹರಡುವ ರೋಗವಾದ್ದರಿಂದ ಒಂದೆರಡು ಕೋಳಿಗೆ ಬಂದಾಗಲೂ ಉಳಿದವನ್ನು ಉಳಿಸಲು ಸಮಯವಿರುತ್ತದೆ. ಹಕ್ಕಳೆ ಕಂಡ ಕೋಳಿಯನ್ನು ಕೂಡಲೆ ಬೇರೆ ಗೂಡಿಗೆ, ಸಾಧ್ಯವಾದರೆ ಸೊಳ್ಳೆಪರದೆಯ ಒಳಗೆ ಹಾಕಿ, ಮಿಕ್ಕ ಆರೋಗ್ಯವಂತ ಕೋಳಿಗಳಿಗೆಲ್ಲ ಲಸಿಕೆ ಹಾಕಿಬಿಡಬೇಕು. ಈಗಾಗಲೇ ಗುಳ್ಳೆ ಎದ್ದ ಕೋಳಿಗೆ ಹಾಕಿ ಪ್ರಯೋಜನವಿಲ್ಲ. ಹಕ್ಕಳೆಯನ್ನು ಕೆರೆದು ಕೀಳಬಾರದು, ಕೆಳಗಿನ ಹಸಿ ಗಾಯಕ್ಕೆ ಬೇರೆ ಸೋಂಕು ಸೇರುತ್ತದೆ. ತಿಳಿ ನೇರಳೆ ಬಣ್ಣದ ಪೊಟ್ಯಾಸಿಯಂ ಪರ್ಮಾಂಗನೇಟ್ ನೀರಿನಲ್ಲಿ ಹತ್ತಿ ಅದ್ದಿ ಒರೆಸಿ, ಕಣ್ಣನ್ನು ಬಿಸಿಯಾರಿದ ನೀರಿನಲ್ಲಿ ತೊಳೆದು, ಅನ್ನವನ್ನೋ ನೆನೆಸಿದ ತೌಡನ್ನೋ ಕೊಕ್ಕಿನ ಹತ್ತಿರ ಹಿಡಿದು ತಿನ್ನಿಸಿದರೆ ಬಹುಪಾಲು ಕೋಳಿಗಳು ಉಳಿಯುತ್ತವೆ. ಬೇವು ಅರಿಸಿನದ ಲೇಪ ಹಚ್ಚುವ ರೂಢಿಯಿದೆ. ಹೊರಗಿನ ಗಾಯಕ್ಕೆ ಹಚ್ಚುವುದಾದರೆ ಅಭ್ಯಂತರವಿಲ್ಲ, ಆದರೆ ಅದರಿಂದ ವೈರಾಣು ಸಾಯುತ್ತದೆಂದು ನಂಬಿ ಮಿಕ್ಕ ಕೋಳಿಗಳ ಲಸಿಕೆಯನ್ನು ಮುಂದೂಡುವುದು ತಪ್ಪು. ಆ್ಯಂಟಿಬಯಾಟಿಕ್ ಕೂಡ ಸಿಡುಬಿನ ಮದ್ದಲ್ಲ. ಗಾಯ ಕೊಳೆತಾಗ ವೈದ್ಯರು ಹೇಳಿದರೆ ಮಾತ್ರ.

ಗೂಡಿನ ಸುತ್ತ ನಿಂತ ನೀರನ್ನು ಚೆಲ್ಲುವುದು, ಟಾರ್ಪಾಲಿನ ಮಡಿಕೆಗಳನ್ನೂ ಕಡಿದ ಬಿದಿರಿನ ಬುಡಗಳನ್ನೂ ಖಾಲಿ ಮಾಡುವುದು, ಗೂಡಿನ ಕಸವನ್ನು ಸುಡುವುದು ಇವೆಲ್ಲ ಲಸಿಕೆಯ ಜೊತೆಗೆ ನಡೆಯಬೇಕಾದ ಕೆಲಸಗಳು. ಹೊಸದಾಗಿ ಕೊಂಡುತಂದ ಕೋಳಿಯನ್ನು ಎರಡು ವಾರವಾದರೂ ಬೇರೆ ಇಟ್ಟು ನೋಡಬೇಕು.

ಹಸುವಿನ ಮೈಮೇಲೆ ಗಂಟುಗಳು ಎದ್ದರೆ ಅದು ಬೇರೆ ರೋಗ, ಚರ್ಮಗಂಟು ರೋಗ. ವೈರಾಣು ಮಾತ್ರ ಇದೇ ಕುಟುಂಬದ್ದು, ಕುರಿ ಮತ್ತು ಮೇಕೆಗಳ ಸಿಡುಬಿಗೆ ಹತ್ತಿರದ್ದು. ಆ ಹತ್ತಿರದ ನಂಟಿನಿಂದಲೇ ಭಾರತದಲ್ಲಿ ಮೇಕೆ ಸಿಡುಬಿನ ಲಸಿಕೆಯನ್ನು ಹಸುಗಳಿಗೆ ಹಾಕಲಾಗುತ್ತದೆ. ಕೋಳಿಯ ಲಸಿಕೆ ಹಸುವಿಗೂ ಹಸುವಿನದು ಕೋಳಿಗೂ ಕೆಲಸಕ್ಕೆ ಬಾರದು. ಚರ್ಮಗಂಟು ರೋಗ 2009ರ ಪ್ರಾಣಿ ಸಾಂಕ್ರಾಮಿಕ ರೋಗ ನಿಯಂತ್ರಣ ಕಾಯ್ದೆಯ ಪಟ್ಟಿಯಲ್ಲಿರುವುದರಿಂದ ಕಂಡ ಕೂಡಲೆ ತಿಳಿಸುವುದು ಮಾಲೀಕರ ಕರ್ತವ್ಯ.

ಕೋಳಿಗಳ ವಿಷಯದಲ್ಲಿ ಪಶುವೈದ್ಯರನ್ನು ತಡಮಾಡದೆ ಕರೆಯಬೇಕಾದ ಸಂದರ್ಭಗಳೂ ಇವೆ. ಹಕ್ಕಳೆಯೇನೂ ಇಲ್ಲದೆ ಗಂಟಲಲ್ಲಿ ಪೊರೆ ಕಟ್ಟಿದರೆ, ಕೋಳಿಗಳು ಕತ್ತು ಚಾಚಿ ಬಾಯಿ ತೆರೆದು ಉಸಿರೆಳೆಯುತ್ತಿದ್ದರೆ, ಕತ್ತು ತಿರುಚಿಕೊಂಡು ಹಸಿರು ಭೇದಿಯಾಗುತ್ತಿದ್ದರೆ, ಅಥವಾ ಒಂದೆರಡು ದಿನಗಳಲ್ಲಿ ಸಾಲಾಗಿ ಸತ್ತರೆ ಅದು ಸಿಡುಬಲ್ಲದೆ ಕೊಕ್ಕರೆ ರೋಗವೋ ಹಕ್ಕಿಜ್ವರವೋ ಆಗಿರುವ ಸಾಧ್ಯತೆಯಿದೆ. ಅಂಥ ಹೊತ್ತಿನಲ್ಲಿ ಸತ್ತ ಕೋಳಿಯನ್ನು ಬರಿಗೈಯಲ್ಲಿ ಮುಟ್ಟಬಾರದು, ಕೊಯ್ಯಬಾರದು, ಹೊಳೆಗೆ ಎಸೆಯಬಾರದು. ಉಳಿದ ಕೋಳಿಗಳನ್ನು ಸಂತೆಗೆ ಕಳುಹಿಸದೆ ಗೂಡಿನಲ್ಲಿಯೇ ಇರಿಸಿ, ಯಾವ ಕೋಳಿಗೆ ಯಾವ ಲಸಿಕೆಯನ್ನು ಯಾವ ದಿನ ಹಾಕಲಾಗಿತ್ತು, ರೆಕ್ಕೆಯಲ್ಲಿ ಹಕ್ಕಳೆ ಕಂಡಿತ್ತೇ ಎಂಬ ವಿವರದೊಂದಿಗೆ ಹತ್ತಿರದ ಪಶು ಆಸ್ಪತ್ರೆಗೆ ತಿಳಿಸಬೇಕು.